ಮುನಿಯಪ್ಪನ ಬಲಗಡೆಯ ಹೂವು

ಉದ್ದನಪಲ್ಲಿಯ ಮುನಿಕೃಷ್ಣ ವೇದಾಂತಕ್ಕೆ ಹೋದದ್ದು ಫ್ಯಾನಿನ ಗಾಳಿಗೆ. ಇದನ್ನು ಅವನೇ ಊರಿಗೆಲ್ಲ ಹೇಳಿಕೊಂಡು ನಗುತ್ತಾನೆ, ಆದ್ದರಿಂದ ನಾವು ಹೇಳಿದರೂ ತಪ್ಪೇನಿಲ್ಲ. ಒಂದು ಭಾನುವಾರ ಬೆಳಿಗ್ಗೆ ಡ್ರಿಪ್ ಪೈಪಿಗೆ ಜಾಯಿಂಟರ್ ತರೋಣವೆಂದು ಹೊಸೂರಿನ ಅಂಚಿನ ಅವಲಪಲ್ಲಿಗೆ ಹೋಗಿದ್ದ. ಅಂಗಡಿಗೆ ಬೀಗ. ಬಿಸಿಲು ಚುರುಗುಟ್ಟುತ್ತಿತ್ತು. ಅಂಗಡಿಯ ಮೇಲಿನ ಮಹಡಿಗೆ ಜನ ಚಪ್ಪಲಿ ಬಿಟ್ಟು ಹತ್ತುತ್ತಿದ್ದರು, ಕಿಟಕಿಯಲ್ಲಿ ಫ್ಯಾನು ಜೋರಾಗಿ ತಿರುಗುತ್ತಿರುವುದು ಕಾಣುತ್ತಿತ್ತು. ಯಾವುದೋ ಸತ್ಯನಾರಾಯಣ ಪೂಜೆ ಇರಬೇಕು, ಪ್ರಸಾದವೂ ಸಿಕ್ಕೀತು ಎಂದುಕೊಂಡು ಇವನೂ ಹತ್ತಿದ.

ಪ್ರಸಾದ ಸಿಗಲಿಲ್ಲ, ಚಂದ್ರಲೇಖಾ ಮೇಡಂ ಸಿಕ್ಕರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರಾದವರು. ಈಗ ಭಾನುವಾರಗಳಂದು ಬಂದವರಿಗೆ ಅದ್ವೈತ ಹೇಳುತ್ತಿದ್ದರು. ಗಣಿತ ಹೇಳುವ ಧಾಟಿಯಲ್ಲೇ ಹೇಳುತ್ತಿದ್ದರು, ಬೋರ್ಡೂ ಇತ್ತು. ಅವತ್ತು ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ಆಮೇಲೆ ಒಂದನ್ನು ಅಳಿಸಿದರು.

"ನೀವು ಬೇರೆ, ದೇವರು ಬೇರೆ ಅಂದುಕೊಂಡಿದ್ದೀರಲ್ಲ," ಎಂದರು. "ಆ ಬೇರೆ ಅನ್ನೋದು ಇಲ್ಲವೇ ಇಲ್ಲ. ಎರಡು ಕಾಣುತ್ತೆ, ಆದರೆ ಎರಡಿಲ್ಲ."

ಹಿಂದಿನ ಸಾಲಿನಲ್ಲಿ ಕೂತಿದ್ದ ಮುನಿಕೃಷ್ಣನ ಕಿವಿ ನೆಟ್ಟಗಾಯಿತು. ಯಾಕೆಂದರೆ ಅವನು ಪೂಜಾರಿ. ಅವನ ಹೊಲದ ಬದಿಯಲ್ಲಿ ಬೇವಿನಮರದ ಕೆಳಗೆ ಆಳುದ್ದದ ಒಂದು ಕಲ್ಲಿದೆ. ಅದೇ ಮುನೇಶ್ವರ, ಊರವರ ಬಾಯಲ್ಲಿ ಮುನಿಯಪ್ಪ. ಸುತ್ತಮುತ್ತ ಮುನಿ ಅಂತ ಶುರುವಾಗುವ ಹೆಸರಿನವರೆಲ್ಲ ಆ ಕಲ್ಲಿನ ಕೃಪೆಯಿಂದ ಹುಟ್ಟಿದವರೇ. ವಾರವಿಡೀ ಪಾಲಿಹೌಸಿನಲ್ಲಿ ಕ್ಯಾಪ್ಸಿಕಂ ನೋಡಿಕೊಳ್ಳುವ ಮುನಿಕೃಷ್ಣ ಸೋಮವಾರ ಬೆಳಿಗ್ಗೆ ಪಂಚೆ ಉಟ್ಟು ಆ ಕಲ್ಲಿನ ಪಕ್ಕ ನಿಂತರೆ ಅವನ ಮಾತಿಗೆ ಬೇರೆಯೇ ತೂಕ. ಅಪ್ಪ ಮಾಡಿದ ಕೆಲಸ, ಅಜ್ಜ ಮಾಡಿದ ಕೆಲಸ. ಅಂಥವನ ಮುಂದೆ ಯಾರೋ ಬೋರ್ಡಿನ ಮೇಲಿನ ಒಂದು ಗೆರೆ ಅಳಿಸಿಬಿಟ್ಟರೆ ಸುಮ್ಮನೆ ಕೂರುವುದು ಹೇಗೆ?

ಅವನು ಕೈ ಎತ್ತಿದ. "ಮೇಡಂ, ಎರಡಿಲ್ಲ ಅಂದ್ರೆ, ನಂಗೆ ಮೊನ್ನೆಯಿಂದ ಹಲ್ಲುನೋವು. ನಿಮಗ್ಯಾಕೆ ನೋಯ್ತಾ ಇಲ್ಲ?"

ಎಲ್ಲರೂ ತಿರುಗಿ ನೋಡಿದರು. ಮೇಡಂ ನಗಲಿಲ್ಲ. "ಒಳ್ಳೆ ಪ್ರಶ್ನೆ. ಇಟ್ಟುಕೊಂಡಿರಿ. ಉತ್ತರ ನಾನು ಹೇಳಿದರೆ ಬಾಯಿಪಾಠ ಆಗುತ್ತೆ," ಎಂದರು.

ಅವತ್ತು ಜಾಯಿಂಟರ್ ತರುವುದನ್ನೇ ಮರೆತು ಮನೆಗೆ ಬಂದ. ಮುಂದಿನ ಭಾನುವಾರ ಮತ್ತೆ ಹೋದ. ಸಂದೇಹಗಳು ಅವನಿಗೆ ಬೆಳೆಗೆ ನುಸಿ ಬಿದ್ದಂತೆ ಬೀಳತೊಡಗಿದವು. ಎಲ್ಲ ಒಂದೇ ಆದರೆ, ಅದನ್ನು ಮರೆತವನು ಯಾರು? ಒಬ್ಬನಿಗೆ ಜ್ಞಾನ ಬಂದರೆ ಎಲ್ಲರಿಗೂ ಒಟ್ಟಿಗೇ ಬರಬೇಕಲ್ಲ? ಜಗತ್ತು ಬರೀ ತೋರಿಕೆ ಅಂದರೆ, ಈ ತೋರಿಕೆಯ ಗಿಡ ನಿಜವಾದ ಗೊಬ್ಬರವನ್ನೇ ಯಾಕೆ ಕೇಳುತ್ತದೆ? ಮೇಡಂ ಕೆಲವಕ್ಕೆ ಉತ್ತರ ಕೊಟ್ಟರು, ಕೆಲವನ್ನು ಅವನ ಹೆಗಲಿಗೇ ವಾಪಸು ಹಾಕಿದರು. ಅವನಿಗೆ ಎರಡೂ ಖುಷಿಯೇ. ತಾನು ಹುಟ್ಟಿದ್ದೇ ಇದಕ್ಕೆ ಅನ್ನಿಸಿಬಿಟ್ಟಿತ್ತು.

ಹೊಸದಾಗಿ ಈಜು ಕಲಿತವನು ಸಿಕ್ಕವರನ್ನೆಲ್ಲ ಬಾವಿಗೆ ಎಳೆಯುತ್ತಾನಲ್ಲ, ಹಾಗೆ ಮುನಿಕೃಷ್ಣ ಮನೆಯವರನ್ನು ಎಳೆಯತೊಡಗಿದ. ಹೆಂಡತಿ ಮುನಿಲಕ್ಷ್ಮಿ ಸಾರಿಗೆ ಉಪ್ಪು ಹೆಚ್ಚಾಯಿತಾ ಎಂದು ಕೇಳಿದರೆ ಉಪ್ಪೂ ಅದೇ ನಾಲಗೆಯೂ ಅದೇ ಅಂದ. ಅವಳು ಮಾರನೆಯ ದಿನ ಉಪ್ಪೇ ಹಾಕದೆ ಬಡಿಸಿದಳು. ಅವನು ಮಾತಾಡದೆ ಉಂಡು, ಪಾಲಿಹೌಸಿನಲ್ಲಿ ಗಿಡಗಳಿಗೆ ಪಾಠ ಮುಂದುವರಿಸಿದ.

ಅವನ ಅಕ್ಕ ವರಲಕ್ಷ್ಮಮ್ಮ ಮಾತ್ರ ಎಲ್ಲವನ್ನೂ ಕೂತು ಕೇಳುತ್ತಿದ್ದಳು. ಅದೇ ಊರಿಗೆ ಮದುವೆಯಾಗಿ, ಪಕ್ಕದ ಹೊಲದಲ್ಲೇ ಬೀನ್ಸ್ ಹಾಕಿಕೊಂಡಿದ್ದವಳು. ಅಮ್ಮ ತೀರಿಕೊಂಡಾಗ ಮುನಿಕೃಷ್ಣ ಇನ್ನೂ ಕಂಕುಳ ಕೂಸು. ಅಕ್ಕನ ಸೊಂಟದ ಮೇಲೇ ಬೆಳೆದವನು. ಆಕೆಯ ಗಂಟಲು ಊರಿಗೇ ಹೆಸರಾದದ್ದು. ಬದುವಿನ ಮೇಲೆ ನಿಂತು "ಲೇ ಕಿಟ್ಟಾ" ಎಂದು ಒಂದು ಸಲ ಕೂಗಿದರೆ ರಾಯಕೋಟೆ ರಸ್ತೆಯಲ್ಲಿ ಹೋಗುವ ಕಿಟ್ಟಂದಿರೆಲ್ಲ ಗಾಡಿ ನಿಲ್ಲಿಸಿ ತಿರುಗಿ ನೋಡಬೇಕು. ಇವನು ಎಲ್ಲಿದ್ದರೂ "ಓ" ಅನ್ನುತ್ತಿದ್ದ. ಮೊಬೈಲು ಬಂದು ಎಷ್ಟೋ ಕಾಲವಾದರೂ ಅವರಿಬ್ಬರ ನಡುವೆ ಇದೇ ಫೋನು.

ಒಂದು ಸೋಮವಾರ ಸಂಜೆ ಆಕೆ ಕೂಗದೆಯೇ ಪಾಲಿಹೌಸಿಗೆ ಬಂದಳು. ಸೆರಗು ಸರಿಸಿ ಕತ್ತಿನ ಮುಂದೆ ಬೆರಳಿಟ್ಟು ತೋರಿಸಿದಳು.

"ಇಲ್ಲಿ ಮುಟ್ಟು ನೋಡ್ಲಾ ಕಿಟ್ಟಾ. ಗೋಲಿ ಇದ್ದಂಗೈತೆ. ನುಂಗಿದ್ರೆ ಮೇಲ್ಕ್ ಕೆಳ್ಕ್ ಓಡಾಡ್ತದೆ."

ಅವನು ಮುಟ್ಟಿದ. ಇತ್ತು. ಅವನಿಗೆ ಭಯವಾಯಿತು. ಆದರೆ ಹಿಂದಿನ ದಿನವಷ್ಟೇ ಭಾನುವಾರ, ತಲೆಯಲ್ಲಿ ಪಾಠ ಇನ್ನೂ ಹಸಿಯಾಗಿತ್ತು. ಭಯಕ್ಕಿಂತ ಮಾತು ಮುಂದೆ ಬಂತು. ಕಾಲ ಬಳಿ ಹರಡಿದ್ದ ಕಪ್ಪು ಪೈಪನ್ನು ತೋರಿಸಿ, "ನೋಡಕ್ಕಾ, ಈ ಡ್ರಿಪ್ ಪೈಪಿದೆಯಲ್ಲ, ಇದು ಒಂದ್ ಕಡೆ ಉಬ್ತದೆ, ಒಂದ್ ಕಡೆ ತೂತಾಯ್ತದೆ. ಒಳಗಿರೋ ನೀರಿಗೇನಾದ್ರೂ ಆಯ್ತದಾ? ನೀನು ಪೈಪಲ್ಲ, ನೀರು. ಈ ಗಡ್ಡೆಗಿಡ್ಡೆ ಎಲ್ಲ ಪೈಪಿನ ಸಮಾಚಾರ," ಎಂದ. ಉದಾಹರಣೆ ತನ್ನದೇ, ಮೇಡಂ ಹೇಳಿದ್ದಲ್ಲ. ಆ ಹೆಮ್ಮೆಯೂ ಸೇರಿಕೊಂಡಿತ್ತು.

ಅಕ್ಕ ಸ್ವಲ್ಪ ಹೊತ್ತು ಪೈಪನ್ನೇ ನೋಡಿದಳು. "ಹೂಂ," ಎಂದು ಸೆರಗು ಮುಚ್ಚಿಕೊಂಡು ಹೋದಳು.

ಬಾವ ಚಿನ್ನಸ್ವಾಮಿ ವೇದಾಂತಿಯಲ್ಲ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ ಮಾಡುವವನು. ವಿಷಯ ತಿಳಿದದ್ದೇ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ಸೂಜಿ ಹಾಕಿ ಚೂರು ತೆಗೆದು ನೋಡಿದರು. ಕೆಟ್ಟ ಗಡ್ಡೆಯೇ, ಆದರೆ ಇನ್ನೂ ಚಿಕ್ಕದು, ಎಲ್ಲೂ ಹರಡಿಲ್ಲ, ಈ ತಿಂಗಳಲ್ಲೇ ತೆಗೆದುಬಿಟ್ಟರೆ ಚೆನ್ನಾಗಿ ಬಾಳುತ್ತಾರೆ, ಬಿಟ್ಟರೆ ನಾವು ಜವಾಬ್ದಾರರಲ್ಲ ಎಂದರು ಡಾಕ್ಟರು. ದನಿ ಕೊಂಚ ದಿನ ಸಣ್ಣಗಾಗಬಹುದು ಎಂದೂ ಹೇಳಿದರು.

ವರಲಕ್ಷ್ಮಮ್ಮ ಎಲ್ಲ ಕೇಳಿಸಿಕೊಂಡು ಹೊರಗೆ ಬಂದು ಗಂಡನಿಗೆ ಒಂದೇ ಮಾತು ಹೇಳಿದಳು. "ಮುನಿಯಪ್ಪನ್ನ ಹೂ ಕೇಳ್ದೆ ನಾನು ಗಂಟ್ಲಿಗೆ ಕತ್ತಿ ಇಡಿಸ್ಕಳಲ್ಲ."

ಹೂ ಕೇಳುವುದು ಎಂದರೆ ಹೀಗೆ. ಕಲ್ಲಿಗೆ ನೀರು ಹೊಯ್ದು, ಅರಿಸಿನ ಬಳಿದು, ಅದು ಹಸಿಯಾಗಿರುವಾಗಲೇ ಪೂಜಾರಿ ಅದರ ಎರಡೂ ಭುಜಕ್ಕೆ ಕಣಗಿಲೆ ಹೂಗಳನ್ನು ಅಂಟಿಸುತ್ತಾನೆ. ಕೇಳುವವರು ಎದುರಿಗೆ ಕೂತು, ಕಣ್ಣು ಮುಚ್ಚಿ, ಕೇಳಬೇಕಾದದ್ದನ್ನು ಮನಸ್ಸಿನಲ್ಲೇ ಕೇಳುತ್ತಾರೆ. ದೇವರ ಬಲಗಡೆಯ ಹೂವು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಹೂ ಬೀಳುವ ತನಕ ಏನು ಕೇಳಿದೆ ಎಂದು ಪೂಜಾರಿ ವಿಚಾರಿಸುವಂತಿಲ್ಲ, ಕೇಳಿದವರು ಬಾಯಿ ಬಿಡುವಂತಿಲ್ಲ. ಮದುವೆ, ಬೋರ್‌ವೆಲ್ಲು, ಹೊಲದ ಮಾರಾಟ ಎಲ್ಲವೂ ಆ ಭಾಗದಲ್ಲಿ ಹೀಗೇ ತೀರ್ಮಾನವಾಗಿ, ಬಹಳಷ್ಟು ಚೆನ್ನಾಗಿಯೇ ನಡೆದಿವೆ.

ಹೂ ಅಂಟಿಸುವುದು ಕೈಚಳಕದ ಕೆಲಸ ಎಂಬುದು ಪೂಜಾರಿಗೆ ಗೊತ್ತು. ಅರಿಸಿನ ಮಂದವಾದರೆ ಹೂವು ಕಚ್ಚಿಕೊಂಡು ಕೂರುತ್ತದೆ, ನೀರಾದರೆ ಜಾರುತ್ತದೆ. ತೊಟ್ಟು ಉದ್ದ ಬಿಟ್ಟರೆ ಭಾರಕ್ಕೆ ವಾಲುತ್ತದೆ. ಇದೆಲ್ಲ ಕಲಿಸಿದ ಮೇಲೆ ಅಪ್ಪ ಒಂದು ಮಾತು ಹೇಳಿದ್ದ: "ಹೂ ಇಕ್ಕೋ ಕೈಗೆ ಆಸೆ ಇರ್ಬಾರ್ದು ಕಣ್ಲಾ. ಆಸೆ ಬಂದ ದಿನ ಬೇರೆಯವರ ಕೈಗೆ ಕೊಟ್ಬುಡು." ಮುನಿಕೃಷ್ಣ ಆ ಮಾತನ್ನು ಇದುವರೆಗೆ ಮೀರಿರಲಿಲ್ಲ, ಮೀರುವ ಅಗತ್ಯವೂ ಬಿದ್ದಿರಲಿಲ್ಲ.

ಈಗ ಬಿತ್ತು. ಎಡಗಡೆ ಬಿದ್ದುಬಿಟ್ಟರೆ? ಅಕ್ಕನ ಹಟ ಅವನಿಗೆ ಗೊತ್ತು. ಎಡಗಡೆ ಬಿದ್ದರೆ ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗುವವಳಲ್ಲ. ಆ ಗೋಲಿ ದಿನದಿನಕ್ಕೆ ಬೆಳೆಯುವುದನ್ನು ಪಕ್ಕದ ಹೊಲದಲ್ಲಿ ನಿಂತು ನೋಡಬೇಕು.

ಭಾನುವಾರ ಅವಲಪಲ್ಲಿಯಲ್ಲಿ ಅವನು ಹೆಸರು ಹೇಳದೆ, ಸುತ್ತುಬಳಸಿ ಒಂದು ಪ್ರಶ್ನೆ ಹಾಕಿದ. "ಮೇಡಂ, ದೇವರೂ ಪೂಜಾರಿಯೂ ಎರಡಲ್ಲ ತಾನೇ? ಹಂಗಿದ್ಮೇಲೆ ದೇವರು ಕೊಡಬೇಕಾದ್ದನ್ನ ಪೂಜಾರಿಯೇ ಕೊಟ್ಬಿಟ್ರೆ, ಅದು ದೇವರೇ ಕೊಟ್ಟಂಗಲ್ವಾ?"

ಚಂದ್ರಲೇಖಾ ಮೇಡಂ ಕನ್ನಡಕ ತೆಗೆದು ಅವನನ್ನು ನೋಡಿದರು. "ಎರಡಲ್ಲ, ನಿಜ," ಎಂದರು. "ಆದರೆ ಮುನಿಕೃಷ್ಣ ಅವರೇ, ಎರಡಿಲ್ಲ ಅನ್ನೋದು ನಮಗೆ ಏನೋ ಬೇಕಾದಾಗ ಮಾತ್ರ ನೆನಪಾದರೆ, ಅಲ್ಲಿ ಇನ್ನೂ ಎರಡಿದೆ ಅಂತ ಅರ್ಥ. ಬೇಕು ಅನ್ನುವವನು ಒಬ್ಬ, ಅವನಿಗೆ ಅಡ್ಡ ಬಂದವನು ಇನ್ನೊಬ್ಬ."

ಮುನಿಕೃಷ್ಣ 'ಎರಡಲ್ಲ, ನಿಜ' ಎಂಬಷ್ಟನ್ನು ಜೇಬಿಗೆ ಹಾಕಿಕೊಂಡು, ಮಿಕ್ಕದ್ದನ್ನು ಮಹಡಿಯಲ್ಲೇ ಬಿಟ್ಟು ಇಳಿದು ಬಂದ.

ಸೋಮವಾರ ಬೇವಿನಮರದ ಕೆಳಗೆ ಹತ್ತಾರು ಜನ ಸೇರಿದ್ದರು. ಅಕ್ಕ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಗಂಟು ಕಟ್ಟಿ ಬಂದು ಕೂತಳು. ಪಕ್ಕದಲ್ಲಿ ಬಾವ, ಶಿಫ್ಟು ಮುಗಿಸಿ ನೇರ ಬಂದದ್ದರಿಂದ ಇನ್ನೂ ಕಂಪನಿಯ ಅಂಗಿಯಲ್ಲೇ ಇದ್ದ. ಮುನಿಕೃಷ್ಣ ಕಲ್ಲಿಗೆ ನೀರು ಹೊಯ್ದ. ಎಡಭುಜಕ್ಕೆ ಅರಿಸಿನವನ್ನು ಮಂದವಾಗಿ ಬಳಿದು, ತೊಟ್ಟು ಚಿವುಟಿದ ಸಣ್ಣ ಹೂಗಳನ್ನು ಹೆಬ್ಬೆರಳಿನಿಂದ ಒತ್ತಿದ. ಬಲಭುಜಕ್ಕೆ ನೀರು ಅರಿಸಿನ, ತುಂಬು ಹೂವು, ಉದ್ದ ತೊಟ್ಟು. ಎರಡಿಲ್ಲ ಎಂದು ಒಳಗೇ ಹೇಳಿಕೊಳ್ಳುತ್ತಿದ್ದ. ಕೊಡುವವನು ನಾನೇ ಆದರೆ ಕೊಟ್ಟರೆ ತಪ್ಪೇನು ಎಂದೂ ಹೇಳಿಕೊಂಡ.

ಅಕ್ಕ ಕಣ್ಣು ಮುಚ್ಚಿದಳು. ತುಟಿ ಸ್ವಲ್ಪ ಅಲುಗಿತು. ಕರ್ಪೂರದ ಹೊಗೆ ಆಡುವಷ್ಟರಲ್ಲೇ ಬಲಗಡೆಯ ದೊಡ್ಡ ಕಣಗಿಲೆ ಜಾರಿ, ಕಲ್ಲಿನ ಬುಡಕ್ಕೆ ತಪ್ಪೆಂದು ಬಿತ್ತು. ಜನ ಕೈಮುಗಿದರು. ಯಾರೋ ಗಂಟೆ ಬಾರಿಸಿದರು. ಅಕ್ಕನ ಮುಖ ಅರಳಿತು. ಹೂವನ್ನು ಎತ್ತಿ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮುನಿಕೃಷ್ಣ ಬಾವನ ಕಡೆ ತಿರುಗಿದ. "ಬಾವ, ಇವತ್ತೇ ಆಸ್ಪತ್ರೆಗೆ ಫೋನ್ ಮಾಡಿ ಡೇಟ್ ತಗಳಿ. ತಡ ಬ್ಯಾಡ," ಎಂದ.

"ಯಾತಕ್ಕೆ ಫೋನು?" ಎಂದಳು ಅಕ್ಕ, ನಗುತ್ತಾ. "ಆಪರೇಷನ್ ಬ್ಯಾಡ ಅಂತ ಕೊಟ್ಟನಲ್ಲ ಮುನಿಯಪ್ಪ. ಕತ್ತಿ ಇಲ್ದೆ ಹಿಂಗೇ ಇದ್ಬುಡ್ಲಾ, ಹೌದು ಅನ್ನೋದಾದ್ರೆ ಬಲಗಡೆ ಕೊಡು ಅಂತ ಕೇಳ್ಕಂಡಿದ್ದು ನಾನು."

ಬಾವನ ಮುಖ ಬಿಳಿಚಿಕೊಂಡಿತು. ಆದರೆ ದೇವರು ಕೊಟ್ಟ ಮೇಲೆ ಮಾತಾಡುವಂತಿಲ್ಲ, ಅವನೂ ಕೈಮುಗಿದ. ಆಪರೇಷನ್ನಿನ ವಿಷಯ ಎಂದ ಮೇಲೆ ಮಾಡಿಸಿಕೊಳ್ಳಲಾ ಎಂದೇ ಕೇಳುತ್ತಾಳೆ ಎಂದು ಮುನಿಕೃಷ್ಣ ನಂಬಿದ್ದ, ಎಲ್ಲರೂ ಹಾಗೇ ಕೇಳುವುದು. ಇವಳ ಮನಸ್ಸಿನ ಮಾತು ಇವನಿಗೆ ಒಂದಿಷ್ಟೂ ಗೊತ್ತಾಗಿರಲಿಲ್ಲ. ಎರಡಿಲ್ಲ ಎಂದು ಜಪಿಸುತ್ತಾ ನಿಂತವನಿಗೆ ಮೊಳ ದೂರದಲ್ಲಿ ಕೂತ ಅಕ್ಕ ಏನು ಕೇಳುತ್ತಿದ್ದಾಳೆಂದು ತಿಳಿದಿರಲಿಲ್ಲ.

ಜನ ಕೈಯೊಡ್ಡಿ ನಿಂತಿದ್ದರು. ಅವನು ಪ್ರಸಾದ ಹಂಚಿದ. ಪಾಲಿಹೌಸಿಗೆ ಹೋಗಿ ಕೂತ. ಮುನಿಲಕ್ಷ್ಮಿ ಊಟಕ್ಕೆ ಕರೆಯಲು ಬಂದಳು. ಗಂಡನ ಮುಖ ನೋಡಿ ಪಕ್ಕದಲ್ಲೇ ಕುಕ್ಕರಿಸಿದಳು. ಅವನು ಅವಳಿಗೆ ಎಲ್ಲ ಹೇಳಿದ.

"ಅಂಗಾರೆ ಹೋಗಿ ಹೇಳು ನಿಮ್ಮಕ್ಕಂಗೆ," ಎಂದಳು ಅವಳು.

"ಹೇಳಿದ್ರೆ ಇನ್ಮೇಲೆ ಯಾವನು ನಂಬ್ತಾನೆ ನನ್ನ? ಅಪ್ಪನ ಕಾಲದಿಂದ ಬಂದ ಹೆಸರು."

"ಹೆಸರು ಪೈಪಾ, ನೀರಾ?" ಎಂದಳು ಮುನಿಲಕ್ಷ್ಮಿ. ಉಪ್ಪಿಲ್ಲದ ಸಾರು ಬಡಿಸಿದವಳಲ್ಲವೇ, ಅವಳ ಮಾತು ಹಾಗೇ ಇರುತ್ತದೆ.

ಮಾರನೆಯ ದಿನ ಬೆಳಿಗ್ಗೆ ಅವನು ಅಕ್ಕನ ಹೊಲಕ್ಕೆ ಹೋದ. ಆಕೆ ಬೀನ್ಸ್ ಬಿಡಿಸುತ್ತಿದ್ದಳು. ಇವನೂ ಪಕ್ಕದ ಸಾಲಿನಲ್ಲಿ ನಿಂತು ಬಿಡಿಸತೊಡಗಿದ. ಇಬ್ಬರೂ ಸಾಲಿನ ತುದಿ ಮುಟ್ಟಿದರು.

"ಅಕ್ಕಾ, ನೆನ್ನೆ ಹೂ ಮುನಿಯಪ್ಪ ಕೊಟ್ಟಿದ್ದಲ್ಲ. ನಾನು."

ಆಕೆ ಕೈ ನಿಲ್ಲಿಸಲಿಲ್ಲ. "ಏನ್ಲಾ ಅಂಗಂದ್ರೆ?"

"ಬಲಗಡೆ ಬೀಳೋ ಹಂಗೆ ಇಟ್ಟಿದ್ದೆ. ನೀರು ಅರಿಸಿನ, ಉದ್ದ ತೊಟ್ಟು. ನೀನು ಆಪರೇಷನ್ ಮಾಡಿಸ್ಕಳ್ಲಾ ಅಂತ ಕೇಳ್ತೀಯ ಅಂದ್ಕಂಡು ಇಟ್ಟೆ."

ಈಗ ಕೈ ನಿಂತಿತು. ಆಕೆ ಮಂಕರಿಯನ್ನು ಕೆಳಗಿಟ್ಟು ಅವನ ಮುಖ ನೋಡಿದಳು. ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡ ಅವನು, ಬಾರಿಸಿದ್ದರೆ ಹಗುರವಾಗುತ್ತಿತ್ತು. ಆಕೆ ತಣ್ಣಗೆ ಕೇಳಿದಳು.

"ನೀನೂ ಅವನೂ ಎರಡಲ್ಲ ಅಂತ ನೀನೇ ತಾನೇ ಹೇಳ್ತಿದ್ದೆ. ಅಂಗಾರೆ ನೀನು ಕೊಟ್ರೇನು, ಅವನು ಕೊಟ್ರೇನು? ಹೂವು ಬಲಗಡೆ ಬಿತ್ತು. ಮುಗೀತು."

ಮುನಿಕೃಷ್ಣ ಕಲಿತದ್ದನ್ನೆಲ್ಲ ತಡಕಾಡಿದ. ಮೇಡಂ ಹೇಳಿದ್ದು, ತಾನು ಹೇಳಿದ್ದು, ಬೋರ್ಡಿನ ಮೇಲಿನ ಗೆರೆ, ಯಾವುದೂ ಕೈಗೆ ಸಿಗಲಿಲ್ಲ. "ಎರಡು, ಅಕ್ಕಾ," ಎಂದ. "ನಾನು ಬೇರೆ, ಅವನು ಬೇರೆ. ಅವನಾಗಿದ್ರೆ ನಿನ್ ಮನಸಲ್ಲಿ ಏನಿತ್ತು ಅಂತ ಗೊತ್ತಾಗ್ತಿತ್ತು. ನಂಗೆ ಗೊತ್ತಾಗ್ಲಿಲ್ಲ."

"ನನ್ ಮನಸಲ್ಲಿ ಏನಿತ್ತು ಅಂತ ಈಗ್ಲಾದ್ರೂ ಕೇಳು."

ಆಕೆಯೇ ಹೇಳಿದಳು.

"ಗಡ್ಡೆ ಕಂಡ ದಿನ ಗಂಡನ ಹತ್ರ ಹೋಗ್ಲಿಲ್ಲ ನಾನು, ನಿನ್ ಹತ್ರಕ್ ಬಂದೆ. ಮುಟ್ಟು ಅಂದೆ. ನೀನು ಮುಟ್ಟಿ ಪೈಪು ತೋರಿಸ್ದೆ. ಸರಿ, ಓದ್ದೋನು, ತಿಳಿದೋನು, ನನ್ ತಮ್ಮ, ನಿಜಾನೇ ಇರ್ಬೋದು ಅಂದ್ಕಂಡೆ. ಮೈ ಏನೂ ಅಲ್ಲ ಅಂದ್ರೆ ಅದನ್ನ ಕುಯ್ಸಿ ಹೊಲಿಸಿ ಯಾಕೆ ಒದ್ದಾಡ್ಬೇಕು? ದನಿ ಹೋಗ್ಬುಟ್ರೆ ಇನ್ನೇನು ಉಳೀತದೆ ನಂಗೆ? ಅದ್ಕೇ ಹಂಗೆ ಕೇಳ್ಕಂಡೆ." ಮಂಕರಿಯನ್ನು ಬದಿಗೆ ಸರಿಸಿ ಅಂದಳು, "ಒಂದ್ ಮಾತು ಹೇಳ್ಲಾ. ಪೈಪ್ ತೂತಾದ್ರೆ ಬೆಳಿಗ್ಗೆ ಎದ್ದು ಜಾಯಿಂಟರ್ ಹಿಡ್ಕಂಡು ಎಲ್ಲಿಗೆ ಓಡ್ತೀಯ ನೀನು? ನೀರಿನ್ ಹತ್ರಕ್ಕಾ, ಪೈಪಿನ್ ಹತ್ರಕ್ಕಾ?"

ಅವನಿಗೆ ಅಳು ಬಂತು. ನಲವತ್ತು ದಾಟಿದ ಗಂಡಸು, ಸೋಮವಾರ ಊರಿಗೆ ತೀರ್ಥ ಕೊಡುವವನು, ಬೀನ್ಸ್ ಸಾಲಿನ ನಡುವೆ ನಿಂತು ಕೂಸಿನಂತೆ ಅತ್ತ. "ಮಾಡಿಸ್ಕಳಕ್ಕಾ," ಎಂದ. "ಹೂ ಬ್ಯಾಡ, ವೇದಾಂತ ಬ್ಯಾಡ. ನಂಗೆ ಭಯ ಆಯ್ತದೆ. ನೀನು ಬೇಕು ನಂಗೆ."

"ಇಷ್ಟನ್ನ ಅವತ್ತೇ ಹೇಳಿದ್ರೆ ಮುನಿಯಪ್ಪನ್ನ ಯಾಕೆ ಎಬ್ಬಿಸ್ತಿದ್ದೆ ನಾನು?" ಎಂದಳು ವರಲಕ್ಷ್ಮಮ್ಮ. ಆಕೆಯ ಕಣ್ಣೂ ತುಂಬಿತ್ತು. ಸೆರಗಿನ ತುದಿಯ ಗಂಟು ಬಿಚ್ಚಿ, ಬಾಡಿದ ಕಣಗಿಲೆಯನ್ನು ಅವನ ಅಂಗೈಯಲ್ಲಿಟ್ಟಳು. "ತಗೋ. ಇದು ನಿಂದು. ಅವನ ಪ್ರಸಾದ ಅಂತ ನಾನ್ಯಾಕೆ ಇಟ್ಕಳ್ಲಿ. ನಿಮ್ ಬಾವಂಗೆ ಹೇಳು, ಫೋನ್ ಮಾಡ್ಲಿ."

ಮುಂದಿನ ಸೋಮವಾರ ಮುನಿಕೃಷ್ಣ ಕಲ್ಲಿನ ಪಕ್ಕ ನಿಂತು ಜನಕ್ಕೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಒಬ್ಬಿಬ್ಬರು ಬೈದರು. ಹಳೇ ಹೂಗಳ ಲೆಕ್ಕವನ್ನೆಲ್ಲ ತೆಗೆದು, ನನ್ನ ಬೋರ್‌ವೆಲ್ಲಿನ ಹೂವೂ ಹೀಗೇ ಇಟ್ಟೆಯಾ ಎಂದು ಒಬ್ಬ ಜಗಳಕ್ಕೇ ನಿಂತ. ಇಲ್ಲ ಎಂದು ಮುನಿಕೃಷ್ಣ ಕಲ್ಲು ಮುಟ್ಟಿ ಹೇಳಿದ. "ನನ್ ಕೈಗೆ ಆಸೆ ಬಂದ್ಬುಟ್ಟದೆ. ಇನ್ಮೇಲೆ ಹೂವು ಮುನಿಲಕ್ಷ್ಮಿ ಇಡ್ತಾಳೆ," ಎಂದ. ಹೆಂಗಸು ಹೂ ಇಡಬಹುದಾ ಎಂದು ಸ್ವಲ್ಪ ಗುಸುಗುಸು ಎದ್ದಿತು. ಮುನಿಲಕ್ಷ್ಮಿ ಅರಿಸಿನದ ಬಟ್ಟಲು ಎತ್ತಿಕೊಂಡು, "ಯಾರು ಮೊದಲು ಕೂತ್ಕತ್ತೀರ?" ಎಂದು ಕೇಳಿದ್ದೇ ಗುಸುಗುಸು ನಿಂತಿತು. ಅವತ್ತಿನಿಂದ ಅವಳೇ ಇಡುತ್ತಾಳೆ.

ಆಪರೇಷನ್ನಿನ ದಿನ ಬೆಳಿಗ್ಗೆ ಅಕ್ಕನನ್ನು ಗಾಲಿಯ ಮಂಚದ ಮೇಲೆ ಮಲಗಿಸಿ, ಹಸಿರು ಬಟ್ಟೆ ತೊಡಿಸಿದ್ದರು. ಬಳೆ, ಓಲೆ, ತಾಳಿಸರ ಎಲ್ಲ ತೆಗೆದು ಬಾವನ ಕೈಗೆ ಕೊಟ್ಟಿದ್ದರು. ಅಷ್ಟು ದೊಡ್ಡ ದನಿಯ ಅಕ್ಕ ಆ ಮಂಚದಲ್ಲಿ ಚಿಕ್ಕವಳಾಗಿ ಕಾಣುತ್ತಿದ್ದಳು. ಬಾಗಿಲ ಬಳಿ ನರ್ಸು ಒಂದು ನಿಮಿಷ ನಿಲ್ಲಿಸಿದಾಗ ಆಕೆ ತಮ್ಮನನ್ನು ಹತ್ತಿರ ಕರೆದಳು.

"ಲೇ ಕಿಟ್ಟಾ, ನಿಮ್ ಮೇಡಂ ಹೇಳೋದು ಸುಳ್ಳು ಅಂತ ನಾನನ್ನಲ್ಲ. ದೊಡ್ಡ ಮಾತು, ನಿಜಾನೇ ಇರ್ಬೋದು. ಆದ್ರೆ ನಾನು ಹೊರಕ್ ಬರೋಗಂಟ ಎರಡೇ ಇರ್ಲಿ. ಬಂದ್ ತಕ್ಷಣ ನಾನು ಕೂಗ್ತೀನಿ. ಕೂಗಕ್ ಒಬ್ರು, ಓ ಅನ್ನಕ್ ಒಬ್ರು ಬೇಕಲ್ಲ?"

"ಇಲ್ಲೇ ಇರ್ತೀನಕ್ಕಾ," ಎಂದ. ಬಾಗಿಲು ಮುಚ್ಚಿತು.

ಹೊರಗೆ ಸ್ಟೀಲಿನ ಕುರ್ಚಿಗಳಲ್ಲಿ ಇಬ್ಬರೂ ಕೂತರು. ತಮಿಳು, ತೆಲುಗು, ಕನ್ನಡದಲ್ಲಿ ಮಾತಾಡುತ್ತಾ ಜನ ಬರುತ್ತಿದ್ದರು, ಹೋಗುತ್ತಿದ್ದರು. ಬಾವ ಹೆಂಡತಿಯ ಬಳೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಿದ್ದ. ಮುನಿಕೃಷ್ಣ ಎದ್ದು ನೀರು ಕುಡಿದು ಬಂದ. ಮತ್ತೆ ಎದ್ದು ಕುಡಿದು ಬಂದ.

"ಏನಯ್ಯಾ, ಅವಾಗಿಂದ ಗಂಟ್ಲು ಹಿಡ್ಕಂಡೇ ಕೂತಿದ್ದೀಯ? ನಿಂಗೇನಾಯ್ತು?" ಎಂದು ಬಾವ ಕೇಳಿದ.

ಮುನಿಕೃಷ್ಣ ನೋಡಿಕೊಂಡ. ಹೌದು, ಅವನ ಕೈ ತನ್ನ ಕತ್ತಿನ ಮೇಲೇ ಇತ್ತು. ಗಂಟಲ ಮುಂಭಾಗ, ಅಕ್ಕ ಬೆರಳಿಟ್ಟು ತೋರಿಸಿದ್ದಳಲ್ಲ, ಸರಿಯಾಗಿ ಅಲ್ಲೇ ಉರಿಯುತ್ತಿತ್ತು. ಉಗುಳು ನುಂಗಿದರೆ ನೋಯುತ್ತಿತ್ತು. ಅವನಿಗೆ ತನ್ನ ಹಲ್ಲುನೋವಿನ ಪ್ರಶ್ನೆ ನೆನಪಾಯಿತು. ನಿಮಗ್ಯಾಕೆ ನೋಯುತ್ತಾ ಇಲ್ಲ ಎಂದು ಮೇಡಂ ಅವರನ್ನು ಕೇಳಿದ್ದು, ಅವರು ಇಟ್ಟುಕೊಂಡಿರಿ ಎಂದದ್ದು. ಇದನ್ನು ಮೇಡಂಗೆ ಹೇಳಬೇಕು ಅಂದುಕೊಂಡ. ಆಮೇಲೆ, ಹೇಳಿದರೆ ಮತ್ತೆ ಉದಾಹರಣೆಯಾಗಿಬಿಡುತ್ತದೆ, ಬೇಡ ಅಂದುಕೊಂಡ. "ಏನಿಲ್ಲ ಬಾವ," ಎಂದು ಕೈ ಇಳಿಸಿದ. ಕೈ ಮತ್ತೆ ಅಲ್ಲಿಗೇ ಹೋಯಿತು.

ಮಧ್ಯಾಹ್ನ ಡಾಕ್ಟರು ಹೊರಗೆ ಬಂದು ಎಲ್ಲ ಸರಿಹೋಯಿತು, ಗಡ್ಡೆ ಪೂರ್ತಿ ತೆಗೆದಿದ್ದೇವೆ ಎಂದರು. ಬಾವ ಅವರ ಕಾಲಿಗೆ ಬೀಳಲು ಹೋದ, ಅವರು ತಡೆದರು. ಎಚ್ಚರವಾಗುತ್ತಿದೆ, ಮಾತಾಡಿಸಬೇಡಿ, ದೂರದಿಂದ ನೋಡಿ ಎಂದು ನರ್ಸು ಒಬ್ಬೊಬ್ಬರನ್ನೇ ಬಿಟ್ಟಳು. ಮೊದಲು ಬಾವ ಹೋಗಿ ಬಂದ. ಮುನಿಕೃಷ್ಣನ ಸರದಿ ಬರುವಷ್ಟರಲ್ಲಿ ನರ್ಸು ಮತ್ತೆ ಬಾಗಿಲು ಹಾಕಿ, ಸ್ವಲ್ಪ ಹೊತ್ತು ತಾಳಿ ಎಂದಳು. ಅವನು ಬಾಗಿಲಿಗೆ ಬೆನ್ನು ಕೊಟ್ಟು, ಜೇಬಿನಲ್ಲಿದ್ದ ಒಣಗಿದ ಕಣಗಿಲೆಯನ್ನು ಮುಟ್ಟುತ್ತಾ ನಿಂತ.

ಆಗ ಬಾಗಿಲಾಚೆಯಿಂದ ಏನೋ ಕೇಳಿಸಿತು. ದನಿ ಅನ್ನುವಂತಿರಲಿಲ್ಲ. ಒಣ ಎಲೆ ನೆಲದ ಮೇಲೆ ಉಜ್ಜಿದಷ್ಟು ಸಣ್ಣದು. ಪಕ್ಕದಲ್ಲೇ ಇದ್ದ ಬಾವನಿಗೆ ಕೇಳಿಸಲಿಲ್ಲ, ಬಾಗಿಲಲ್ಲೇ ನಿಂತ ನರ್ಸಿಗೂ ಕೇಳಿಸಿದಂತಿರಲಿಲ್ಲ.

"ಲೇ ಕಿಟ್ಟಾ."

ಮುನಿಕೃಷ್ಣ ಆಸ್ಪತ್ರೆ ಎಂಬುದನ್ನೂ ಮರೆತು, ಹೊಲದ ಆಚೆ ಬದುವಿಗೆ ಕೇಳಿಸುವಷ್ಟು ಜೋರಾಗಿ "ಓ" ಎಂದ.